ಅವರನ್ನು ಮಣ್ಣು ಮಾಡಿದ ಊರಿಗೆ

ಯುದ್ಧದ ವರ್ಷಗಳಲ್ಲಿ, ಒಂದು ಚಳಿಗಾಲದ ಮುಂಜಾನೆ, ನಾನೂ ನನ್ನ ಅತ್ತೆ ಜೀವರತ್ನಮ್ಮನವರೂ ದಾವಣಗೆರೆಯಿಂದ ಕೊಪ್ಪಕ್ಕೆ ಹೊರಟೆವು. ನನ್ನ ಗಂಡ ದೇವಪ್ರಿಯ ಕೊಪ್ಪದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಅದು ಮಲೇರಿಯಾದ ಸೀಮೆ, ನೀವು ಬರಬೇಡಿ ಎಂದು ನಮ್ಮಿಬ್ಬರನ್ನು ಬಯಲುಸೀಮೆಯಲ್ಲೇ ಬಿಟ್ಟಿದ್ದರು. ಕೊನೆಗೆ ಆ ಜ್ವರ ಅವರನ್ನೇ ಕೊಂಡೊಯ್ದಿತು. ತಂತಿ ನಮ್ಮ ಕೈಸೇರಿದಾಗ ಮಳೆಗಾಲದ ಹೊಳೆಗಳು ಉಕ್ಕಿ ಬಸ್ಸುಗಳು ನಿಂತಿದ್ದವು, ಅವರನ್ನು ಮಣ್ಣು ಮಾಡಿಯೂ ಆಗಿತ್ತು. ಯಾರು ಮಾಡಿದರು, ಎಲ್ಲಿ ಮಾಡಿದರು, ಒಂದೂ ನಮಗೆ ಗೊತ್ತಿರಲಿಲ್ಲ. ನನ್ನ ಗಂಡ ಬಸಪ್ಪ ಎಂಬ ಅಂಗಡಿಯವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು ಎಂಬುದೊಂದೇ ನಮಗೆ ತಿಳಿದಿದ್ದ ಗುರುತು.

ಬೀರೂರಿನಲ್ಲಿ ರೈಲು ಬದಲಾಯಿಸಿ ತರೀಕೆರೆ ತಲುಪಿದೆವು. ಅಲ್ಲಿಂದ ನರಸಿಂಹರಾಜಪುರಕ್ಕೆ ಟ್ರಾಂ ಗಾಡಿ. ಆಟದ ಸಾಮಾನಿನಂಥ ಪುಟ್ಟ ರೈಲು ಅದು. ಕಾಡಿನ ಮರ ಸಾಗಿಸುವ ಗಾಡಿಗೆ ನಮ್ಮಂಥವರು ಕೂರುವ ಡಬ್ಬಿಗಳನ್ನೂ ಸಿಕ್ಕಿಸಿದ್ದರು. ಏರು ಬಂದಾಗ ಏದುಸಿರು ಬಿಡುತ್ತಿತ್ತು. ಎರಡೂ ಕಡೆ ಬಿದಿರು ಗಾಡಿಯ ಮೈ ಸವರುತ್ತಿತ್ತು. ಬಯಲಿನ ಬಿಸಿಲಲ್ಲಿ ಬೆಳೆದ ನಮಗೆ ಆ ಹಸಿರು ಕತ್ತಲು ಹೊಸದು. ಅತ್ತೆ ಸೆರಗನ್ನು ಕಿವಿಗೆ ಬಿಗಿದುಕೊಂಡು, "ನನ್ನ ಮಗ ಈ ದಾರೀಲೇ ಹೋದನಲ್ಲಾ ಸುಗುಣಾ," ಎಂದರು.

ನರಸಿಂಹರಾಜಪುರದಲ್ಲಿ ಇಳಿದಾಗ ಸಂಜೆ. ಹಳಬರು ಆ ಊರನ್ನು ಇನ್ನೂ ಎದೆಹಳ್ಳಿ ಎಂದೇ ಕರೆಯುತ್ತಿದ್ದರು. ಛತ್ರದಲ್ಲಿ ಜಾಗ ಸಿಕ್ಕಿತು. ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಊಟ. ಮಲಗುವ ಮುಂಚೆ ಅತ್ತೆ ಎಂದಿನಂತೆ ಪ್ರಾರ್ಥನೆ ಮಾಡಿದರು. ಮಗ ಸತ್ತ ದಿನದಿಂದ ಒಂದು ಹೊತ್ತೂ ಅವರು ಅದನ್ನು ತಪ್ಪಿಸಿರಲಿಲ್ಲ. ನಾನು ಪಕ್ಕದಲ್ಲಿ ಮೊಣಕಾಲೂರಿ ತಲೆ ಬಗ್ಗಿಸುತ್ತಿದ್ದೆ, ಅಷ್ಟೆ. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು, "ಎಲ್ಲಾ ದೇವರ ಚಿತ್ತ, ಅಳಬಾರದು," ಎಂದಿದ್ದರು. ಅಂಥ ಚಿತ್ತದ ದೇವರೊಡನೆ ನನಗೇನು ಮಾತು ಎಂದು ಬಾಯಿ ಕಟ್ಟಿಕೊಂಡಿದ್ದೆ. ಆ ದಿನವೂ ಆಮೆನ್ ಎಂದು ತುಟಿ ಅಲ್ಲಾಡಿಸಿ ಮಲಗಿದೆ.

ಬೆಳಿಗ್ಗೆ ಮಂಜು ಕರಗುವ ತನಕ ಬಸ್ಸು ಹೊರಡಲಿಲ್ಲ. ಪೆಟ್ರೋಲು ಸಿಗದ ಕಾಲ, ಬಸ್ಸಿನ ಹಿಂದೆ ದೊಡ್ಡ ಒಲೆಯಂಥ ಡಬ್ಬಿ ಕಟ್ಟಿ ಇದ್ದಿಲ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಏರಿನಲ್ಲಿ ಅದು ನಿಂತೇಬಿಟ್ಟಿತು. ಗಂಡಸರೆಲ್ಲ ಇಳಿದು ತಳ್ಳಿದರು. ಪಕ್ಕದಲ್ಲಿ ಶೃಂಗೇರಿಗೆ ಹೊರಟಿದ್ದ ವಯಸ್ಸಾದ ಬ್ರಾಹ್ಮಣ ಹೆಂಗಸು ಕೂತಿದ್ದರು.

"ಎಂತ, ಎಲ್ಲಿಗೆ ಹೊರಟದ್ದು ನೀವು?" ಎಂದು ಕೇಳಿದರು.

"ಕೊಪ್ಪಕ್ಕೆ. ನನ್ನ ಯಜಮಾನರ ಸಮಾಧಿ ನೋಡೋದಕ್ಕೆ."

ಅವರು ತಮ್ಮ ಬುಟ್ಟಿಯಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಮಡಿಲಿಗೆ ಹಾಕಿ, "ತಿನ್ನು ಮಾರಾಯ್ತಿ. ಅಳುವುದಕ್ಕಾದರೂ ಮೈಯಲ್ಲಿ ಕಸು ಬೇಕಲ್ಲ," ಎಂದರು. ಅಳಬಹುದು ಎಂದು ನನಗೆ ಹೇಳಿದವರು ಅವರೇ ಮೊದಲು.

ಕೊಪ್ಪದ ಪೇಟೆಯಲ್ಲಿ ಬಸಪ್ಪನವರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ನಾವು ಯಾರೆಂದು ತಿಳಿದೊಡನೆ ತಕ್ಕಡಿ ಕೆಳಗಿಟ್ಟು ಎದ್ದು ನಿಂತರು. ಅವರ ಹೆಂಡತಿ ಗೌರಮ್ಮ ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಕಾಲು ತೊಳೆಯಲು ಬಿಸಿನೀರು ಕೊಟ್ಟರು. ಬಿಸಿ ಕಡುಬು, ಕಾಯಿಚಟ್ನಿ ಆದ ಮೇಲೆ ಅತ್ತೆ ತಡೆಯಲಾರದೆ ಕೇಳಿದರು: "ಊರಿಗೆಲ್ಲಾ ಔಷಧಿ ಕೊಡೋನಿಗೆ ಔಷಧಿ ಸಿಗ್ಲಿಲ್ವೇನಮ್ಮಾ?"

"ಸಿಕ್ತು ಅಮ್ಮಾ. ಡಾಕ್ಟ್ರೇ ಎರಡು ಹೊತ್ತೂ ಬಂದು ಕೊಟ್ರು. ನಾಟಲಿಲ್ಲ. ಮೂತ್ರ ಕರ್ರಗಾಯ್ತು ನೋಡಿ, ಆಗ್ಲೇ ಡಾಕ್ಟ್ರು ಕೈಚೆಲ್ಲಿದ್ರು," ಎಂದರು ಗೌರಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ತಂಗೀ, ಸುಳ್ಳು ಹೇಳಲ್ಲ. ಒಂದಿನ ಭಾಳ ಅತ್ರು. ಹೆಂಡ್ತಿ ಮುಖ ನೋಡ್ಬೇಕು ಅಂತ ಮಗು ಅತ್ತ ಹಾಗೆ ಅತ್ರು. ಆಮೇಲೆ ಮೆಲ್ಲಗೆ ಮಾತಾಡೋಕೆ ಶುರು ಮಾಡಿದ್ರು. ಜ್ವರ ತಲೆಗೇರಿತು ಅಂದ್ಕಂಡೆ ನಾನು. ಕಿವಿಗೊಟ್ಟು ಕೇಳಿದ್ರೆ, ಪಕ್ಕದಲ್ಲಿ ಕೂತವರಿಗೆ ಹೇಳೋ ಹಾಗೆ ನಿಮ್ಮ ಯೇಸುಸ್ವಾಮಿಗೆ ಹೇಳ್ತಿದ್ರು. ಜಗಳಾನೂ ಮಾಡಿದ್ರು. 'ನನಗೆ ಹೋಗೋಕೆ ಇಷ್ಟ ಇಲ್ಲ ಕರ್ತನೇ. ಆದ್ರೆ ನೀನು ಕೈ ಬಿಡಬೇಡ' ಅಂದ್ರು. ಆಮೇಲೆ ಮುಖದಲ್ಲಿ ಹೆದರಿಕೆ ಕಾಣ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಬಸಪ್ಪ ನಿಧಾನವಾಗಿ ಹೇಳಿದರು: "ಸುಡೋದೋ ಹೂಳೋದೋ ಅಂತ ಜನ ಚರ್ಚೆ ಮಾಡಿದ್ರು. ನಮ್ಮಲ್ಲೂ ಮಣ್ಣಿಗೇ ಕೊಡೋದು, ನಾನು ನೋಡ್ಕಳ್ತೀನಿ ಅಂದೆ. ನಿಮ್ಮ ಮಂತ್ರ ನಮಗೆ ಗೊತ್ತಿರ್ಲಿಲ್ಲ. ಕೈ ಮುಗಿದು ಬಂದ್ವಿ. ತಪ್ಪಾಗಿದ್ರೆ ಹೊಟ್ಟೇಲಿ ಹಾಕ್ಕಳಿ."

ಅತ್ತೆ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಗೌರಮ್ಮನ ಜೊತೆ ಊರಾಚೆಯ ಬಾಳಗಡಿಯ ಕಡೆ ಹೊರಟೆವು. ದಾರಿಯಿಂದ ತುಸು ಮೇಲೆ, ಬಸಪ್ಪನವರದೇ ಜಮೀನಿನ ಅಂಚಿನಲ್ಲಿ, ನೆಲ್ಲಿಮರದ ಕೆಳಗೆ ಸಮಾಧಿ. ದನ ತುಳಿಯದಂತೆ ಸುತ್ತ ಕಲ್ಲು ಜೋಡಿಸಿದ್ದರು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಅತ್ತೆ ಮೊಣಕಾಲೂರಿ, "ಕರ್ತನೇ..." ಎಂದು ಶುರು ಮಾಡಿದರು. ಮುಂದಿನ ಮಾತು ಬರಲಿಲ್ಲ. ಮತ್ತೊಮ್ಮೆ "ಕರ್ತನೇ" ಎಂದರು. ಅಷ್ಟು ದಿನ ನನ್ನನ್ನೂ ಮನೆಯನ್ನೂ ಎತ್ತಿ ಹಿಡಿದಿದ್ದ ಆ ಹೆಂಗಸು ಮಣ್ಣಿನ ಮೇಲೆ ಕುಸಿದು, "ನನ್ನಿಂದ ಆಗಲ್ಲ ಸುಗುಣಾ, ನೀನು ಹೇಳು," ಎಂದರು.

ನನ್ನಲ್ಲಿ ಹೇಳಲು ಒಳ್ಳೆಯ ಮಾತು ಒಂದೂ ಇರಲಿಲ್ಲ. ಅವರನ್ನು ತಬ್ಬಿಕೊಂಡು ಇದ್ದದ್ದನ್ನೇ ಹೇಳಿದೆ: "ಕರ್ತನೇ, ನನಗೆ ನಿನ್ನ ಮೇಲೆ ಕೋಪ ಇದೆ. ಅವರನ್ನು ಯಾಕೆ ಕರಕೊಂಡೆ ಅಂತ ಗೊತ್ತಾಗ್ತಿಲ್ಲ. ಅವರು ನಿನ್ನನ್ನು ಬಿಡಲಿಲ್ಲವಂತೆ. ನಾನು ಬಿಟ್ಟಿದ್ದೆ. ನಮ್ಮಿಬ್ಬರನ್ನೂ ಹಿಡಿದುಕೋ. ನಮಗೆ ನಿನ್ನನ್ನು ಬಿಟ್ಟರೆ ಬೇರೆ ಯಾರಿದ್ದಾರೆ?"

ಆಮೇಲೆ ಇಬ್ಬರೂ ಮನಸಾರೆ ಅತ್ತೆವು. ಗೌರಮ್ಮ ದೂರದಲ್ಲಿ ಬೆನ್ನು ತಿರುಗಿಸಿ ನಿಂತರು. ಏಳುವಾಗ ದುಃಖ ಕಡಿಮೆಯಾಗಿರಲಿಲ್ಲ. ಆದರೆ ಹೊಳೆಯ ಸೆಳವಿಗೆ ಸಿಕ್ಕವರಿಗೆ ಕಾಲ ಕೆಳಗೆ ಬಂಡೆ ತಗುಲಿದರೆ ಹೇಗೋ ಹಾಗೆ, ನೀರು ಕತ್ತಿನವರೆಗೆ ಇದ್ದರೂ ನಾನು ನಿಂತಿದ್ದೆ. ಪುನರುತ್ಥಾನದ ಮಾತನ್ನು ಚಿಕ್ಕಂದಿನಿಂದ ಬಾಯಿಪಾಠ ಹೇಳಿದ್ದೆ. ಅದು ನನಗೆ ಬೇಕಾದ ಮಾತು ಎಂದು ತಿಳಿದದ್ದು ಆ ನೆಲ್ಲಿಮರದ ಕೆಳಗೆ.

ಇಳಿದು ಬರುವಾಗ ಅತ್ತೆ ಕೇಳಿದರು: "ನಿಮ್ಮಣ್ಣ ತವರಿಗೆ ಕರೀತಿದ್ದಾನಲ್ಲಾ, ಹೋಗ್ತೀಯಾ?"

"ಹೋದರೆ ನೋಡಿಕೊಂಡು ಬರೋದಕ್ಕೆ ಹೋಗ್ತೀನಿ ಅತ್ತೆ. ನರ್ಸ್ ಕೆಲಸ ಕಲೀಬೇಕು ಅಂತಿದ್ದೀನಿ. ಎಲ್ಲಿ ಕೆಲಸ ಸಿಗುತ್ತೋ ಅಲ್ಲಿ ನಾವಿಬ್ಬರೂ ಇರೋಣ."

"ನನಗೆ ಅಡಿಗೆ ಮಾಡೋಕೆ ಬರುತ್ತೆ," ಎಂದರು ಅತ್ತೆ. ಮಗ ಹೋದ ಮೇಲೆ ಮೊದಲ ಸಲ ಅವರು ಮುಂದಿನ ದಿನಗಳ ಮಾತಾಡಿದ್ದು ಅದು.

ಮಧ್ಯಾಹ್ನದ ಬಸ್ಸಿಗೆ ಗಂಡಹೆಂಡತಿ ಇಬ್ಬರೂ ಬಂದು ಹತ್ತಿಸಿದರು. ಗೌರಮ್ಮ ಕಿಟಕಿಯ ಹತ್ತಿರ ಬಂದು ಸಂಕೋಚದಿಂದ, "ತಂಗೀ, ನನ್ನ ಮಗಳಿಗೆ ಮದ್ವೆಯಾಗಿ ಆರು ವರ್ಷ ಆಯ್ತು, ಮಡಿಲು ತುಂಬಿಲ್ಲ. ಗಿರಿಜ ಅಂತ ಹೆಸರು. ಬಾಳೆಹೊನ್ನೂರಲ್ಲಿದ್ದಾಳೆ. ನಿಮ್ಮ ದೇವರ ಹತ್ರ ಒಂದು ಮಾತು ಹೇಳ್ತೀರಾ?" ಎಂದರು.

ಹೇಳುತ್ತೇನೆ ಎಂದೆ. ಬಸ್ಸು ಹೊಗೆ ಕಾರುತ್ತಾ ಹೊರಟಿತು. ತಿರುಗಿ ನೋಡಿದೆ. ಬಿಸಿಲು ಬಿದ್ದ ಪೇಟೆಯ ನಡುವೆ ಗೌರಮ್ಮ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದರು. ತಿರುವು ಬಂದು ಊರು ಮರೆಯಾಯಿತು. ನಾನು ಕಣ್ಣು ಮುಚ್ಚಿ ಗಿರಿಜಳ ಹೆಸರು ಹೇಳಿದೆ.