ಹೊನ್ನವ್ವನ ನಾಲಿಗೆಗೆ ಗೊತ್ತು ಬಿಸಿಲಿನ ರುಚಿ

ಬೆಳಗ್ಗೆ ಆರೂಕಾಲು. ವಿಜಯನಗರದ ಆ ಅಡ್ಡರಸ್ತೆಯಲ್ಲಿ ಹಾಲಿನ ಬೂತು ಬಿಟ್ಟರೆ ತೆರೆದಿರುವುದು ಒಂದೇ ಅಂಗಡಿ, ಅದೂ ಅರ್ಧ ಷಟರ್. ಒಳಗೆ ನೆಲದ ಮೇಲೆ ಗಾರೆ ಕೆಲಸದವರ ದೊಡ್ಡ ಬಾಂಡ್ಲಿ, ಅದರ ತುಂಬ ಹಸಿ ಮರಳು. ಮರಳಿನಲ್ಲಿ ಕುತ್ತಿಗೆಯವರೆಗೆ ಹೂತು ಕೂತಿರುವ ಮೂರು ವೈನ್ ಬಾಟಲಿಗಳ ತಲೆಗೆ ಒದ್ದೆ ಗೋಣಿತಟ್ಟು. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ ಹೊನ್ನವ್ವ ಗೋಡೆ ಗಡಿಯಾರ ನೋಡುತ್ತಿದ್ದಾರೆ. ಹದಿನೈದು ನಿಮಿಷ ಆಗಬೇಕು. ಅಲ್ಲಿಯವರೆಗೆ ಯಾರೂ ಬಾಟಲಿ ಮುಟ್ಟುವಂತಿಲ್ಲ, ಅಂಗಡಿಯ ಮಾಲೀಕರೂ ಅಷ್ಟೇ.

ಹದಿನೈದು ನಿಮಿಷ ಆಗುತ್ತಲೇ ಮೊದಲ ಬಾಟಲಿ ಎತ್ತಿ, ಸೆರಗಿನಲ್ಲಿ ಮರಳು ಒರೆಸಿ, ಗ್ಲಾಸಿಗೆ ಎರಡು ಬೆರಳಷ್ಟು ಸುರಿಯುತ್ತಾರೆ. ಕಣ್ಣು ಮುಚ್ಚಿ ಮೂಸುತ್ತಾರೆ. ಒಂದು ಗುಟುಕು ಬಾಯಿಗೆ ಹಾಕಿ, ಕೆನ್ನೆಯಿಂದ ಕೆನ್ನೆಗೆ ಆಡಿಸಿ, ಸ್ಟೀಲ್ ಬಕೆಟ್ಟಿಗೆ ಉಗಿಯುತ್ತಾರೆ. ಆಮೇಲೆ ಚೂರು ಕಡಕ್ ಜೋಳದ ರೊಟ್ಟಿ ಕಟಕಟ ಅಗಿದು, ನೀರು ಮುಕ್ಕಳಿಸಿ, ತೀರ್ಪು ಹೇಳುತ್ತಾರೆ. ‘ಮೊದಲ ನೇರಳಿ ಹಣ್ಣು ರೀ. ಹಿಂದಿಂದ ಕರಿಮೆಣಸು ಬರ್ತೈತಿ. ನಾಲಿಗಿ ಬದೀಗೆ ಸ್ವಲ್ಪ ಒಗರು. ಎಣ್ಣೆಗಾಯಿ ಪಲ್ಯಾದ ಜೋಡಿ ಚಲೋ ಒಪ್ತೈತಿ.’ ಪಕ್ಕದಲ್ಲಿ ಕೂತ ಬಿಂದುಶ್ರೀ, ಅಂಗಡಿಯ ಬಿಲ್ ಬರೆಯುವ ಹುಡುಗಿ, ಅಷ್ಟನ್ನೂ ಒಂದು ರಟ್ಟಿನ ಚೀಟಿಗೆ ಇಳಿಸಿ, ದಾರ ಪೋಣಿಸಿ, ಬಾಟಲಿಯ ಕೊರಳಿಗೆ ಕಟ್ಟುತ್ತಾಳೆ. ಇದು ನಮ್ಮ ಬಿಜಾಪುರದ ಕೆಂಪು ವೈನು.

ನಮ್ಮ ಕಡೆ ‘ವೈನ್ಸ್’ ಎಂದು ಬೋರ್ಡ್ ಹಾಕಿಕೊಂಡ ಅಂಗಡಿಗಳಿಗೇನು ಬರವೇ? ಮಾಗಡಿ ರಸ್ತೆ ಉದ್ದಕ್ಕೂ ಇವೆ. ಒಳಗೆ ಹೋಗಿ ವೈನ್ ಕೇಳಿದರೆ ಮಾತ್ರ ಕೌಂಟರಿನವನು ಮುಖ ಮುಖ ನೋಡುತ್ತಾನೆ. ಬರೀ ವೈನ್ ಮಾರುವ ಅಂಗಡಿ ಇಡುವ ಹುಚ್ಚು ಇಲ್ಲಿಯ ಮಾಲೀಕ ಸೇತುರಾಮ ಅವರಿಗೆ ಹಿಡಿದದ್ದು ಬ್ಯಾಂಕಿನಿಂದ ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ. ಅದರಲ್ಲೂ ಅವರಿಗೆ ಬೇಕಾದದ್ದು ಬಿಸಿಲು ನಾಡಿನ ವೈನುಗಳು: ಬಿಜಾಪುರ, ನಾಸಿಕ್, ದಕ್ಷಿಣ ಇಟಲಿ, ಸ್ಪೇನಿನ ತೆಂಕಣ ತುದಿ, ಆಸ್ಟ್ರೇಲಿಯಾ. ‘ನಮ್ ಊಟದ ಖಾರಕ್ಕೆ ಬಿಸಿಲಲ್ಲಿ ಬೆಳೆದ ಹಣ್ಣೇ ಸರಿ ಸಾರ್’ ಎನ್ನುವುದು ಅವರ ವಾದ. ವಾದವೇನೋ ಚೆನ್ನಾಗಿತ್ತು, ಮುಗ್ಗರಿಸಿದ್ದು ಒಂದು ಪುಸ್ತಕದಿಂದ.

ಕೆಂಪು ವೈನನ್ನು ಕೋಣೆಯ ಶಾಖದಲ್ಲೇ ಕೊಡಬೇಕು ಎಂದು ಯಾವುದೋ ಫಾರಿನ್ ಪುಸ್ತಕದಲ್ಲಿ ಓದಿದ್ದರು. ಓದಿದ್ದನ್ನು ಚಾಚೂ ತಪ್ಪದೆ ಮಾಡಿದರು. ಆ ಪುಸ್ತಕ ಬರೆದವನ ಕೋಣೆಗೂ ಏಪ್ರಿಲ್ ತಿಂಗಳ ವಿಜಯನಗರದ ಸಿಮೆಂಟ್ ಶೀಟಿನ ಕೋಣೆಗೂ ಎಲ್ಲಿಂದೆಲ್ಲಿಯ ಸಂಬಂಧ? ಎರಡು ವರ್ಷದ ಹಿಂದೆ, ಅಂಗಡಿ ತೆರೆದ ಮೊದಲ ಭಾನುವಾರ, ಇಪ್ಪತ್ತು ಜನರನ್ನು ಕರೆದು ಬೆಚ್ಚಗಿನ ವೈನ್ ಕೊಟ್ಟರು. ನಾಯಂಡಹಳ್ಳಿಯ ಹಳೆಯ ಜಮೀನಿನ ಮನೆತನದ ರಾಮಯ್ಯ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. ‘ಏನ್ ಸೇತುರಾಮಣ್ಣ, ಕಷಾಯ ಕೊಡ್ತಾ ಇದೀಯಾ? ನಂಗೇನ್ ಜ್ವರ ಬಂದೈತಾ?’ ಇಡೀ ಕೋಣೆ ಗೊಳ್ಳೆಂದಿತು. ಸೇತುರಾಮ ಅವರ ಮುಖ ಇಷ್ಟೇ ಇಷ್ಟಾಯಿತು.

ಆಗ ಹೊನ್ನವ್ವ ಅಲ್ಲಿಗೆ ಸೇರಿ ಎರಡೇ ದಿನ, ಗ್ಲಾಸು ತೊಳೆಯುವ ಕೆಲಸ. ಹಿತ್ತಲಿನಿಂದ ಎಲ್ಲ ನೋಡುತ್ತಿದ್ದರು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಒಂದು ಬಾಂಡ್ಲಿ ಮರಳು ಕೇಳಿ ತಂದು, ನೀರು ಹೊಡೆದು, ಉಳಿದ ಬಾಟಲಿಗಳನ್ನು ಅದರಲ್ಲಿ ನೆಟ್ಟರು. ‘ಊರಾಗ ಬ್ಯಾಸಿಗ್ಯಾಗ ಕುಡಿಯೋ ನೀರಿನ ಬಿಂದಿಗೀನ ಹಿಂಗ ಇಡ್ತೀವ್ರಿ. ಇದೂ ಹಣ್ಣಿನ ರಸಾನ ಅಲ್ಲೇನ್ರಿ, ಇದಕ್ಕೂ ಸೆಕಿ ಆಗ್ತೈತಿ’ ಎಂದು ಈಗಲೂ ಅಷ್ಟೇ ಸಹಜವಾಗಿ ಹೇಳುತ್ತಾರೆ. ಅಂದು ತಂಪಾದ ಅದೇ ವೈನನ್ನು ಮತ್ತೆ ಸುರಿದಾಗ ರಾಮಯ್ಯ ಎರಡನೇ ಗ್ಲಾಸು ಕೇಳಿದರು. ಆಮೇಲೆ ಮೂರನೆಯದು. ಹೋಗುವಾಗ ನಾಲ್ಕು ಬಾಟಲಿ ಕಟ್ಟಿಸಿಕೊಂಡು ಹೋದರು.

ಮರುದಿನ ಸೇತುರಾಮ ಒಂದು ಗ್ಲಾಸು ಮುಂದಿಟ್ಟು ‘ಬರೀ ಮೂಸಿ ಹೇಳಮ್ಮ’ ಎಂದರು. ಹೊನ್ನವ್ವ ಮೂಸಿದವರೇ, ಹಣ್ಣು ಹೊತ್ತೇರುವ ಮೊದಲೇ ಕೊಯ್ದದ್ದು ಎಂದುಬಿಟ್ಟರು. ಬಿಜಾಪುರದ ಕಡೆಯ ದ್ರಾಕ್ಷಿ ತೋಟದಲ್ಲಿ ಹನ್ನೆರಡು ವರ್ಷ ಕೂಲಿ ಮಾಡಿದವರು ಅವರು. ಬೆಳಗಿನ ತಂಪಿನಲ್ಲಿ ಕೊಯ್ದ ಹಣ್ಣಿನ ಹುಳಿ ಬೇರೆ, ಮಟಮಟ ಮಧ್ಯಾಹ್ನ ಕೊಯ್ದ ಹಣ್ಣಿನ ದಣಿದ ಸಿಹಿ ಬೇರೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ತಿಂಗಳ ಮೇಲೆ ರುಚಿ ನೋಡುವುದಕ್ಕೂ ಒಪ್ಪಿದರು. ನಾಯಂಡಹಳ್ಳಿಯ ಗೋಡೌನುಗಳಿಂದ ಸರಕು ಸಾಗಿಸುವ ಟೆಂಪೊ ಓಡಿಸುವ ಗಂಡ ರುದ್ರೇಶ ಹಾಕಿದ ಷರತ್ತು ಒಂದೇ: ನುಂಗಬಾರದು.

ನುಂಗಿಲ್ಲ. ದಿನಕ್ಕೆ ಮೂರು ಬಾಟಲಿ, ಒಂದೊಂದಕ್ಕೆ ನಾಲ್ಕು ಗುಟುಕು, ಹನ್ನೆರಡೂ ಬಕೆಟ್ಟಿಗೆ. ರುಚಿ ನೋಡುವ ತನಕ ಚಹಾ ಇಲ್ಲ, ಎಲೆ ಅಡಿಕೆ ಪೂರ್ತಿ ಬಂದ್. ಸುಂಕದಕಟ್ಟೆಯ ಮನೆಯಿಂದ ಐದೂವರೆಗೆ ಹೊರಟು, ಮೆಟ್ರೊ ಕೆಲಸಕ್ಕೆಂದು ಅಗೆದ ರಸ್ತೆಗಳನ್ನು ದಾಟಿ, ಬಸ್ಸಿನ ಹೊಗೆ ಹೆಚ್ಚುವ ಮುಂಚೆ ಅಂಗಡಿ ಸೇರಿಬಿಡಬೇಕು. ‘ಹೊಗಿ ಮೂಗಿಗೆ ಹೊಕ್ಕರ ಅವತ್ತಿನ ಕೆಲಸ ಕೆಟ್ಟಂಗ’ ಎನ್ನುತ್ತಾರೆ. ಒಂದೇ ವೈನಾದರೂ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಮತ್ತೆ ರುಚಿ ನೋಡಬೇಕು; ಬೇರೆ ಬೇರೆ ವೈನುಗಳ ಚೀಟಿಗಳೇ ಇದುವರೆಗೆ ಇನ್ನೂರು ದಾಟಿವೆ.

ಆ ಚೀಟಿಗಳನ್ನು ಓದಲೆಂದೇ ಬರುವ ಜನರಿದ್ದಾರೆ. ನಾಸಿಕ್‌ನ ಬಿಳಿ ವೈನಿನ ಮೇಲೆ ‘ಸೀಬೆಕಾಯಿಗೆ ಉಪ್ಪು ಖಾರ ಹಚ್ಚಿ ಕಚ್ಚಿದ ಹಾಗೆ, ಬಾಯಲ್ಲಿ ನೀರು ನಿಲ್ಲಲ್ಲ’ ಎಂದಿದೆ. ಇಟಲಿಯದಕ್ಕೆ ‘ಒಣದ್ರಾಕ್ಷಿ, ಅಂಜೂರ, ಜೋನಿಬೆಲ್ಲ. ಒಂದೇ ಗ್ಲಾಸು ಸಾಕು, ಹೊಟ್ಟೆ ತುಂಬುತ್ತೆ’. ಸ್ಪೇನಿನ ಶೆರಿ ಎಂಬ ಬಿಳಿಚು ಬಣ್ಣದ ವೈನಿಗೆ ‘ಹುರಿದ ಶೇಂಗಾ, ಕಲ್ಲುಪ್ಪು. ಸಿಹಿ ಹುಡುಕಬೇಡಿ, ಇಲ್ಲ’. ಆಸ್ಟ್ರೇಲಿಯಾದ ಶಿರಾಜ್ ಎಂಬ ಕೆಂಪು ವೈನಿಗೆ ಬರೆಸಿದ್ದಂತೂ ಊರೆಲ್ಲ ಸುತ್ತಿದೆ: ‘ಮನೆಗೆ ಬಂದ ಸೋದರಮಾವನ ಹಾಗೆ. ಚಪ್ಪಲಿ ಬಿಡೋ ಮೊದಲೇ ಜೋರು ಮಾತು. ಆದ್ರೆ ಮನಸ್ಸು ಒಳ್ಳೇದು.’ ರಾಮಯ್ಯ ಈಗ ಬ್ರಾಂದಿ ಬಿಟ್ಟು, ಬಾಡೂಟಕ್ಕೆ ಯಾವುದು ಹೊಂದುತ್ತೆ ಎಂದು ಚೀಟಿ ಓದಿಯೇ ಕೊಳ್ಳುತ್ತಾರೆ. ‘ಇಂಗ್ಲಿಷಲ್ ಬರ್ದವ್ರು ಏನೇನೋ ಹಣ್ಣು ಹೇಳ್ತಾರೆ, ನಮ್ಮಪ್ಪ ಕಂಡಿದ್ನಾ, ತಾತ ಕಂಡಿದ್ನಾ? ಇದು ನೋಡಿ, ನೇರಳೆ ಹಣ್ಣು! ಗೊತ್ತಾಗುತ್ತೆ ಕಣಪ್ಪ’ ಎಂದು ಖುಷಿಪಡುತ್ತಾರೆ.

ಹೋದ ವಾರದವರೆಗೆ ಚೀಟಿಯ ಕೆಳಗೆ ಹೆಸರಿರಲಿಲ್ಲ. ಬಿಂದುಶ್ರೀ ಬಿಡಿಸಿದ ಪುಟ್ಟ ಸೂರ್ಯ ಮಾತ್ರ. ನಮ್ಮ ಈ ಪುರವಣಿಗೆ ಹೆಸರು, ಫೋಟೊ ಬೇಕೆಂದಾಗಲೂ ಹೊನ್ನವ್ವ ಬೇಡವೆಂದು ಕೈಯಾಡಿಸಿಬಿಟ್ಟರು. ಕಾರಣ ಅವರ ಅತ್ತೆ ಅಕ್ಕವ್ವ. ಕೊರಳಲ್ಲಿ ಲಿಂಗ ಕಟ್ಟಿದ, ಹೆಂಡದ ವಾಸನೆ ಬಂತೆಂದು ಮದುವೆ ಊಟವನ್ನೇ ಬಿಟ್ಟು ಎದ್ದು ಬಂದ ಹೆಂಗಸು. ಸೊಸೆ ಬೆಂಗಳೂರಿನಲ್ಲಿ ದ್ರಾಕ್ಷಿ ಶರಬತ್ತಿನ ಅಂಗಡಿಯಲ್ಲಿದ್ದಾಳೆ ಎಂದೇ ನಂಬಿದ್ದರು. ‘ಅತ್ತಿ ಬಿಡು ಅಂದ್ರ ಬಿಡೋದ ರೀ, ಎದುರಾಡಂಗಿಲ್ಲ. ಆದ್ರ ಈ ಕೆಲಸ ಬಿಟ್ರ ನನ್ನ ಜೀವಾನ ಹೋದಂಗ ಆಗ್ತೈತ್ರಿ. ಇಲ್ಲಿ ನಾ ಹೇಳಿದ್ದನ್ನ ಬರಕೋತಾರ. ಹುಟ್ಟಿದಾಗಿಂದ ನನ್ನ ಮಾತು ಯಾರು ಬರಕೊಂಡಾರ ಹೇಳ್ರಿ?’

ಹೋದ ವಾರ ಅಕ್ಕವ್ವ ಜೋಳದ ಚೀಲದ ಸಮೇತ ಬೆಂಗಳೂರಿಗೆ ಬಂದಿಳಿದರು. ಎರಡು ದಿನ ಒದ್ದಾಡಿದ ಹೊನ್ನವ್ವ ಮೂರನೆಯ ದಿನ ಬೆಳಗ್ಗೆ ಅತ್ತೆಯನ್ನು ಅಂಗಡಿಗೇ ಕರೆದುಕೊಂಡು ಬಂದರು. ಸ್ಟೂಲಿನ ಮೇಲೆ ಕೂರಿಸಿ, ಅವರ ಕಣ್ಣೆದುರೇ ಮೂಸಿ, ಬಾಯಾಡಿಸಿ, ಉಗಿದು, ಬಿಂದುಶ್ರೀಯ ಕಿವಿಯಲ್ಲಿ ಪಿಸುಗುಟ್ಟಿ ಚೀಟಿ ಬರೆಸಿ, ಆಮೇಲೆ ಎಲ್ಲವನ್ನೂ ಬಿಚ್ಚಿ ಹೇಳಿದರು. ಶರಬತ್ತು ಸುಳ್ಳು, ಇದು ಖರೆ ಎಂದರು. ಸೇತುರಾಮ ಬಾಟಲಿ ಕಪಾಟಿನ ಹಿಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

ಅಕ್ಕವ್ವನ ಕಣ್ಣು ಬಾಂಡ್ಲಿಯ ಮೇಲೆ ಬಿತ್ತು. ‘ಈ ಹಸಿ ಉಸುಕಿನ ಕೆಲಸ ನಾ ಕಲಿಸಿದ್ದಲ್ಲೇನ? ನೀ ಮದುವಿ ಆಗಿ ಬಂದ ವರ್ಷ?’ ಎಂದು ಕೇಳಿದರು. ಹೊನ್ನವ್ವ ತಲೆಯಾಡಿಸಿದರು. ‘ಕೊಡು ಇಲ್ಲಿ.’ ಗ್ಲಾಸು ಇಸಿದುಕೊಂಡು, ಮೂಗಿನಿಂದ ಮೊಳದೂರ ಹಿಡಿದು, ಆಮೇಲೆ ಸ್ವಲ್ಪ ಹತ್ತಿರ, ಆಮೇಲೆ ಇನ್ನೂ ಹತ್ತಿರ. ನಲವತ್ತು ವರ್ಷ ದ್ರಾಕ್ಷಿ ತೋಟದಲ್ಲಿ ದುಡಿದ ಮೂಗು ಅದು, ಸುಮ್ಮನಿರಲು ಸಾಧ್ಯವೇ? ‘ಅಯ್ಯ ಶಿವನ! ಈ ಹಣ್ಣು ಮಧ್ಯಾಹ್ನ ಹರದಾರ. ಬಳ್ಳಿಗೆ ನೀರೂ ತಡಾ ಬಿಟ್ಟಾರ. ಯಾವ ಬುದ್ಧಿಗೇಡಿ ಹರಿಸಿದ್ದು ಇದನ್ನ?’

ಬಿಂದುಶ್ರೀ ಆಗಷ್ಟೇ ಬರೆದ ಚೀಟಿಯನ್ನು ಗಟ್ಟಿಯಾಗಿ ಓದಿದಳು: ‘ನಡು ಮಧ್ಯಾಹ್ನ ಕೊಯ್ದ ಹಣ್ಣು. ದಣಿದಿದೆ. ಬಳ್ಳಿಗೆ ನೀರು ತಡವಾಗಿ ಬಿಟ್ಟಿದ್ದಾರೆ.’ ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ. ಮೊದಲು ನಕ್ಕದ್ದು ಅಕ್ಕವ್ವ. ಆಮೇಲೆ ಹೊನ್ನವ್ವ ನಕ್ಕ ನಗು ಹಾಲಿನ ಬೂತಿಗೂ ಕೇಳಿಸಿತಂತೆ.

‘ಕೆಲಸ ಬಿಡು ಅನ್ನಂಗಿಲ್ಲ. ಆದ್ರ ನನ್ನ ಮುಂದ ಸುಳ್ಳು ಹೇಳಿದೀಯಲ್ಲ, ಅದಕ್ಕ ಸಂಜೀಕ ಖರೇ ಶರಬತ್ತು ಮಾಡಿಕೊಡು’ ಎಂದು ಅಕ್ಕವ್ವ ಶಿಕ್ಷೆ ಕೊಟ್ಟರು. ಈಗ ಚೀಟಿಗಳಲ್ಲಿ ಸೂರ್ಯನ ಪಕ್ಕ ಹೊನ್ನವ್ವನ ಹೆಸರಿದೆ. ಫೋಟೊ ತೆಗೆಸಿಕೊಳ್ಳುವಾಗ ಸೊಸೆಯ ಸೆರಗು ಸರಿಮಾಡಿ, ತಾವೂ ಪಕ್ಕದಲ್ಲಿ ನಿಂತ ಅಕ್ಕವ್ವ ಪತ್ರಿಕೆಯವರಿಗೆ ಬೆರಳು ತೋರಿಸಿ ಹೇಳಿದ್ದು ಇಷ್ಟು: ‘ನನ್ನ ಹೆಸರೂ ಹಾಕ್ರಿ. ಆದ್ರ ಅಕ್ಕವ್ವ ಕುಡಿದಿಲ್ಲ, ಬರೇ ಮೂಸಿ ನೋಡ್ಯಾಳ ಅಂತ ದಪ್ಪ ಅಕ್ಷರದಾಗ ಬರೀರಿ. ಊರಾಗ ಎಲ್ಲಾರೂ ಪೇಪರ್ ಓದ್ತಾರ.’

ಅಪ್ಪಣೆಯಂತೆ ಬರೆಯಲಾಗಿದೆ. ಅಕ್ಕವ್ವ ಕುಡಿದಿಲ್ಲ.