ತಿದ್ದಿಸಿದ ಮುಖ

ಮಗಳ ನಿಶ್ಚಿತಾರ್ಥಕ್ಕೆ ಫೋಟೋಗ್ರಾಫರನನ್ನು ಗೊತ್ತು ಮಾಡುವಾಗ ನಾನು ಬಹಳ ಎಚ್ಚರ ವಹಿಸಿದ್ದೆ. ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಆಯುಷ್ಯ ಸವೆಸಿದವನು ನಾನು. ಕಾಗದದ ಮೇಲಿಲ್ಲದ ಮಾತನ್ನು ನಂಬಿದವನಲ್ಲ. ಬೇಗಂಪೇಟೆಯ ಸ್ಟುಡಿಯೋಕ್ಕೆ ಮೂರು ಸಲ ಹೋದೆ. ತೋರಿಸಿದ ಆಲ್ಬಂ ಅವನದೇ ಕೆಲಸವೋ, ಆ ದಿನ ಅವನೇ ಬರುತ್ತಾನೋ, ಕ್ಯಾಮೆರಾ ಕೈಕೊಟ್ಟರೆ ಇನ್ನೊಂದಿದೆಯೋ ಎಂದೆಲ್ಲ ಕೇಳಿ, ಬರೆಸಿ, ಸಹಿ ಹಾಕಿಸಿಕೊಂಡೆ.

ನನ್ನ ಹೆಂಡತಿ ಕೇಳಿದ್ದು ಒಂದೇ. ಮಗಳು ಹುಟ್ಟಿದ ಮೇಲೆ ಆಕೆಯ ತುಟಿಯ ಸುತ್ತ ತೊನ್ನು ಕಾಣಿಸಿಕೊಂಡು ಗಲ್ಲಕ್ಕೂ ಕುತ್ತಿಗೆಗೂ ಹಬ್ಬಿತ್ತು. ಆಮೇಲೆ ಯಾವ ಫೋಟೋಕ್ಕೂ ನಿಂತವಳಲ್ಲ. ಕಾಚಿಗೂಡದ ನಮ್ಮ ಮನೆಯಲ್ಲಿ ಯಾರಾದರೂ ಫೋನ್ ಎತ್ತಿ ಹಿಡಿದರೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಈ ಸಲ ತಾನಾಗಿ ಹೇಳಿದಳು: "ಮಗಳ ಬಾಜೂಕ ನಿಂದರತೀನ್ರಿ. ಆದ್ರ ನನ್ನ ಮಾರಿ ಹ್ಯಾಂಗ ಐತಿ ಹಂಗ ಇರ್ಲಿ. ಅವಂಗ ಹೇಳ್ರಿ."

ಹೂಂ ಎಂದೆ. ಫೋಟೋಗ್ರಾಫರನಿಗೆ ಮಾತ್ರ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಫೋಟೋ ಆರಿಸಲು ಹೋದ ದಿನ ಅವನು ಆಕೆಯ ಮುಖವನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಸಂಕೋಚದಿಂದಲೇ, ಇದನ್ನು ಸರಿ ಮಾಡಲೇ ಎಂದು ತೆಲುಗಿನಲ್ಲಿ ಕೇಳಿದ. ಒಂದು ಆಲ್ಬಂ ಬೀಗರ ಮನೆಗೆ ಹೋಗುವುದಿತ್ತು. ಅವರ ಬಂಧುಗಳು ಪುಟ ತಿರುವುವುದು ಕಣ್ಣ ಮುಂದೆ ಬಂತು. ಮಾಡು ಎಂದೆ.

ಆಲ್ಬಂ ಬಂದಾಗ ಆಕೆ ತಾನು ಮಗಳ ಪಕ್ಕ ನಿಂತ ಪುಟವನ್ನು ಬಹಳ ಹೊತ್ತು ನೋಡಿದಳು.

"ಹಿಂಗ ಮಾಡಂತ ಯಾರು ಹೇಳಿದ್ರು?"

"ಅವನ ಮಾಡ್ಯಾನ. ಎಲ್ಲಾರಿಗೂ ಹಂಗ ಮಾಡ್ತಾರ," ಎಂದೆ.

ಮತ್ತೇನೂ ಕೇಳಲಿಲ್ಲ. ಮದುವೆಯಲ್ಲಿ ಮಾತ್ರ, ಊಟದ ಕಡೆ ನೋಡಬೇಕೆಂದು ಹೇಳಿ, ಒಂದು ಫೋಟೋಕ್ಕೂ ನಿಲ್ಲಲಿಲ್ಲ.

ಮರುವರ್ಷ ಹೃದಯಾಘಾತದಿಂದ ತೀರಿಕೊಂಡಳು. ಹದಿಮೂರನೆಯ ದಿನಕ್ಕೆ ಫೋಟೋ ಬೇಕಾಯಿತು. ಆಧಾರ್ ಕಾರ್ಡಿನಲ್ಲಿ ಮುಖವೇ ಗುರುತು ಸಿಗದಷ್ಟು ಮಸುಕು. ಮಣಿಕೊಂಡದಿಂದ ಬಂದಿದ್ದ ಮಗಳು ಆಲ್ಬಂ ತೆರೆದು, "ಇದು ಬ್ಯಾಡಪ್ಪಾ. ಇದು ಅವ್ವ ಅಲ್ಲ," ಎಂದಳು.

ತಿದ್ದದ ಪ್ರತಿಗಾಗಿ ಸ್ಟುಡಿಯೋಕ್ಕೆ ಹೋದೆ. ಮೂಲ ಚಿತ್ರಗಳನ್ನು ಕೊಡಬೇಕು, ಇಲ್ಲವೇ ಇಷ್ಟು ಕಾಲ ಇಡಬೇಕು ಎಂಬ ಒಂದು ಸಾಲು ನಮ್ಮ ಕಾಗದದಲ್ಲಿ ಇರಲಿಲ್ಲ. ಅವನು ಎಂದೋ ಅಳಿಸಿದ್ದ. ನನ್ನನ್ನು ಕೂರಿಸಿ, ನೀರು ಕೊಟ್ಟು, ಒಂದು ಮಾತು ಹೇಳಿದ. ಆಲ್ಬಂ ತಲುಪಿದ ವಾರವೇ ನಮ್ಮ ಮನೆಯ ಅಮ್ಮ ಫೋನ್ ಮಾಡಿದ್ದರಂತೆ. ಯಾರು ಹೇಳಿ ಮಾಡಿಸಿದರೆಂದು ಕೇಳಿದರಂತೆ. ಸಾರ್ ಅವರೇ ಹೇಳಿದರು ಎಂದನಂತೆ ಇವನು. ತಾನು ಕೇಳಿದ್ದನ್ನು ನನಗೆ ತಿಳಿಸಬೇಡ ಎಂದು ಫೋನ್ ಇಟ್ಟರಂತೆ.

ಅಷ್ಟು ತಿಂಗಳು ಆಕೆ ನನ್ನ ಎದುರಿಗೇ ಕೂತು ಉಂಡಿದ್ದಳು. ನನ್ನ ಬಿಪಿ ಗುಳಿಗೆ ನೆನಪಿಸಿದ್ದಳು.

ಹದಿಮೂರನೆಯ ದಿನ ಮಣೆಯ ಮೇಲೆ ಆಕೆಯ ಸೀರೆಯೊಂದನ್ನು ಮಡಿಚಿಟ್ಟೆವು. ಫೋಟೋ ಯಾಕಿಲ್ಲವೆಂದು ಬೀಗಿತಿ ಕೇಳಿದರು. ಮಗಳ ಮುಂದೆಯೇ ಎಲ್ಲ ಹೇಳಿದೆ. ಬೀಗಿತಿ ಅಂದರು: "ನಾವು ಅವರ ಮಾರಿ ನೋಡೇ ಸಂಬಂಧಕ್ಕ ಹೂಂ ಅಂದಿದ್ವಲ್ರೀ. ಯಾರಿಗಂತ ಮುಚ್ಚಿದ್ರಿ?"

ಮಗಳು ಎದ್ದು ಒಳಗೆ ಹೋದಳು.