ಭೂಪಾಲ ನುಣುಪು ಮಾಡಿದ ಗೋಡೆ

ಕಾಗವಾಡದ ಬಸ್ ನಿಲ್ದಾಣದ ಎದುರು ನನ್ನದು ವೈರು, ಬಲ್ಬು, ಫ್ಯಾನಿನ ಅಂಗಡಿ. ಪಕ್ಕದ್ದು ಭೂಪಾಲನ ಫೋಟೋ ಸ್ಟುಡಿಯೋ. ಅವನು ಶೇಡಬಾಳದವನು, ಜೈನರ ಪೈಕಿ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನುಷ್ಯ. ಯಾರ ತಂಟೆಗೂ ಹೋದವನಲ್ಲ. ಯಾರಿಗೂ ಎದುರು ಮಾತಾಡಿದವನೂ ಅಲ್ಲ. ಇದನ್ನು ಊರವರು ಒಳ್ಳೆಯತನ ಅನ್ನುತ್ತಿದ್ದರು. ನನಗೆ ಮಾತ್ರ ಅವನ ಈ ಗುಣ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಮದುವೆ ಮನೆಗೆ ಡ್ರೋನು ಹಾರಿಸುವ ಹುಡುಗರು ಬಂದ ಮೇಲೆ ಭೂಪಾಲನನ್ನು ಕರೆಯುವವರು ಕಡಿಮೆಯಾದರು. ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತ ಕೂತಿದ್ದವನನ್ನು ಎಬ್ಬಿಸಿದವನು ನಿಪ್ಪಾಣಿಯ ಜ್ಞಾನದೇವ. ಚಿಕ್ಕೋಡಿಯಿಂದ ಅಥಣಿಯವರೆಗೆ ಮನೆ ಮಾರಿಸುವುದು, ಬಾಡಿಗೆಗೆ ಕೊಡಿಸುವುದು ಅವನ ದಂಧೆ. ಈಗ ಯಾರೂ ಮೊದಲು ಮನೆ ನೋಡಲು ಬರುವುದಿಲ್ಲ, ಫೋಟೋ ಕಳಿಸು ಅನ್ನುತ್ತಾರೆ. ಹಾಗಾಗಿ ಮನೆಯ ಒಳಗಿನ ಫೋಟೋ ತೆಗೆಯುವ ಕೆಲಸ ಭೂಪಾಲನ ಪಾಲಿಗೆ ಬಂತು.

ಮೊದಲ ಫೋಟೋಗಳನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಫ್ಲ್ಯಾಶನ್ನು ನೇರ ಗೋಡೆಗೆ ಹೊಡೆದಿದ್ದ. ನಡುವೆ ಸುಣ್ಣ ಎರಚಿದ ಹಾಗೆ ಬಿಳಿ, ಮೂಲೆಗಳೆಲ್ಲ ಗವ್ವೆನ್ನುವ ಕತ್ತಲು.

"ಲೇ ಭೂಪಾಲ, ಇದೇನ ಮನೀನೋ, ಜ್ವಾಳಾ ತುಂಬೂ ಹಗೇವೋ?" ಎಂದು ಕೇಳಿದೆ.

ಅವನು ಸಿಟ್ಟಾಗಲಿಲ್ಲ. ಕಲಿತ. ನನ್ನ ಅಂಗಡಿಯ ಬಲ್ಬುಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದ. ಹಳದಿ ಬಲ್ಬು, ಬಿಳಿ ಟ್ಯೂಬು ಎರಡೂ ಒಟ್ಟಿಗೆ ಉರಿದರೆ ಗೋಡೆಗೆ ಕಾಮಾಲೆ ಬಂದ ಹಾಗೆ ಕಾಣುತ್ತದೆಂದು ಫೋಟೋ ತೆಗೆಯುವಾಗ ದೀಪಗಳನ್ನೆಲ್ಲ ಆರಿಸತೊಡಗಿದ. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎದೆಮಟ್ಟಕ್ಕೆ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು, ಹೊರಗಿನ ಬೆಳಕು ಒಳಗಿನದಕ್ಕೆ ಹೊಂದಿಕೊಳ್ಳುವ ತನಕ ಕಾಯುತ್ತಿದ್ದ. ಪೇಟೆಯವರು ಫ್ಲ್ಯಾಶನ್ನು ಬಿಳಿ ಛಾವಣಿಗೆ ಹೊಡೆದು ಅಲ್ಲಿಂದ ಬೆಳಕು ಇಳಿಯುವಂತೆ ಮಾಡುತ್ತಾರೆ. ನಮ್ಮ ಹಳೆಯ ಮನೆಗಳಲ್ಲಿ ಬಿಳಿ ಛಾವಣಿ ಎಲ್ಲಿಂದ ಬರಬೇಕು? ಒಲೆಯ ಹೊಗೆ ತಿಂದು ಕರ್ರಗಾದ ತೊಲೆಗಳು. ಅದಕ್ಕೆ ಭೂಪಾಲ ತನ್ನ ಅಪ್ಪನ ಬಿಳಿ ಧೋತರವನ್ನು ತೊಲೆಯಿಂದ ತೊಲೆಗೆ ಎಳೆದು ಕಟ್ಟಿ, ಅದಕ್ಕೆ ಫ್ಲ್ಯಾಶ್ ಹೊಡೆಯುತ್ತಿದ್ದ. ಇಡೀ ಕೋಣೆಯ ಮೇಲೆ ಮೆತ್ತಗೆ ಬೆಳಕು ಇಳಿಯುತ್ತಿತ್ತು. ಇದು ಅವನದೇ ಯುಕ್ತಿ, ಯಾರೂ ಹೇಳಿಕೊಟ್ಟದ್ದಲ್ಲ. ಅವನ ಫೋಟೋಗಳಲ್ಲಿ ದನದ ಕೊಟ್ಟಿಗೆ ಕೂಡ ಬಾಡಿಗೆಗೆ ಹೋಗುವಷ್ಟು ಚೆನ್ನಾಗಿ ಕಾಣುತ್ತಿತ್ತು.

ಇನ್ನೊಂದನ್ನೂ ಅವನು ಕಲಿತಿದ್ದ. ಪಕ್ಕದ ಕಿಟಕಿಯಿಂದ ಗೋಡೆಯ ಗುಂಟ ಓರೆಯಾಗಿ ಬೀಳುವ ಬೆಳಕು ಬಹಳ ಚಾಡಿಕೋರ. ಎಲ್ಲಿ ಉಬ್ಬಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಲ್ಲವನ್ನೂ ನೆರಳು ಹಾಕಿ ತೋರಿಸಿಬಿಡುತ್ತದೆ. ಎದುರಿನಿಂದ ಹರಡಿ ಬೀಳುವ ಬೆಳಕಿನಲ್ಲಿ ಅದೇ ಗೋಡೆ ನುಣ್ಣಗೆ ಕಾಣುತ್ತದೆ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಜ್ಞಾನದೇವ ಅವನನ್ನು ಕುಡಚಿ ಸೇತುವೆಯಾಚೆಗಿನ ಒಂದು ಊರಿಗೆ ಕಳಿಸಿದ. ಊರಿನ ಹೆಸರು ಬೇಡ. ಕೃಷ್ಣಾ ಹೊಳೆ ದಂಡೆಯ ಊರು, ರಾಯಬಾಗ ತಾಲೂಕಿಗೆ ಸೇರಿದ್ದು. ಮನೆ ಸಿದರಾಯ ಎಂಬವನದು. ಅವನು ಕಬ್ಬಿನ ಹೊಲದಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಹೋಗಿದ್ದ, ಹಳೆಯದನ್ನು ಬಾಡಿಗೆಗೆ ಕೊಡಬೇಕಿತ್ತು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಹಾಪೂರ ಬಂದು ಇಳಿದಾಗಲೆಲ್ಲ ಸಿದರಾಯನ ತಾಯಿ ಶಿವಗಂಗವ್ವ ಹೊಳೆಗೆ ಉಡಿ ತುಂಬಿ ಬಂದು, ಪಡಸಾಲೆಯ ಗೋಡೆಯಲ್ಲಿ ನೀರು ಮುಟ್ಟಿದ ಎತ್ತರಕ್ಕೆ ಕೆಮ್ಮಣ್ಣಿನ ಗೆರೆ ಎಳೆದು ಕುಂಕುಮ ಹಚ್ಚುತ್ತಿದ್ದಳು. ಕೃಷ್ಣಾಬಾಯಿ ಮನೆಗೆ ಬಂದು ಹೋದ ಗುರುತು ಅದು, ಸುಣ್ಣ ಬಳಿಯುವಾಗಲೂ ಅಷ್ಟನ್ನು ಬಿಟ್ಟೇ ಬಳಿಯುತ್ತಿದ್ದರು. ಹೀಗಾಗಿ ಮನೆಗೆ ಯಾರು ಬಂದರೂ ಗೋಡೆ ಎಷ್ಟು ನೀರು ಕುಡಿದಿದೆ ಎಂದು ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಮುದುಕಿ ತೀರಿಕೊಂಡ ಮೇಲೆ ಸಿದರಾಯ ಗೆರೆಗಳನ್ನು ಕೆರೆಸಿ, ಪುಟ್ಟಿ ತುಂಬಿ, ಮೇಲೆ ತಿಳಿಗುಲಾಬಿ ಬಣ್ಣ ಹೊಡೆಸಿದ. ಒಳಗಿನದು ಹಸಿ ಇಟ್ಟಿಗೆಯ ಮಣ್ಣಿನ ಗೋಡೆ, ಮೇಲೆ ಮಾತ್ರ ಸಿಮೆಂಟು.

ಭೂಪಾಲ ಬೆಳಗಿನ ಹೊತ್ತು ಹೋಗಿ ಪೂರ್ವದ ಕಿಟಕಿ ತೆರೆದ. ಬೆಳಕು ಗೋಡೆಯ ಗುಂಟ ಓಡಿತು. ಎದೆಮಟ್ಟದಿಂದ ಕೆಳಗೆ ಗೋಡೆ ಬಸುರಿಯ ಹೊಟ್ಟೆಯ ಹಾಗೆ ಮುಂದೆ ಬಂದಿತ್ತು. ಬೆರಳಿನಿಂದ ಕುಟ್ಟಿದರೆ ಡಬ್ಬು ಡಬ್ಬು ಎಂದಿತು.

"ಸಿದರಾಯ, ಇದರೊಳಗ ನೀರ ಕುಂತೈತಿ," ಎಂದ ಭೂಪಾಲ. "ಗೌಂಡಿಗೆ ತೋರಿಸಪಾ."

"ತೋರಿಸೇನ್ರಿ ಭೂಪಾಲಣ್ಣಾ. ಬರೂ ಬ್ಯಾಸಗ್ಯಾಗ ಕೆಡವಿ ಕಟ್ಟಸ್ತೀನಿ. ಈಗ ನೀವು ನುಣ್ಣಗ ಕಾಣಂಗ ಒಂದ ಫೋಟೋ ತಗೀರಿ, ಅಷ್ಟ ಸಾಕು."

ಭೂಪಾಲ ಜ್ಞಾನದೇವನಿಗೆ ಫೋನು ಹಚ್ಚಿದ. ಜ್ಞಾನದೇವ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ರೇಗಿದ. "ಉಜೇಡ ಪಾಯಿಜೆ, ಭೂಪಾಲಶೇಟ, ಉಜೇಡ! ಬೆಳಕ ತೋರಸೂದು ನಿಮ್ಮ ಕೆಲಸ. ಗ್ವಾಡಿ ಚಿಂತಿ ನಿಮಗ್ಯಾಕ್ರಿ?"

ಅಲ್ಲಿ ಕ್ಯಾಮೆರಾ ಎತ್ತಿಕೊಂಡು ವಾಪಸು ಬಂದಿದ್ದರೆ ನಾನು ಇದನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ನಮ್ಮ ಭೂಪಾಲ ಎದುರಾಡದವನಲ್ಲವೇ? ಪೂರ್ವದ ಕಿಟಕಿ ಮುಚ್ಚಿದ. ಧೋತರ ಕಟ್ಟಿದ. ಬರೀ ಗೋಡೆ ಬೋಳು ಬೋಳಾಗಿ ಕಂಡಿತೆಂದು ಅಟ್ಟದ ಕೆಳಗಿದ್ದ ಹಳೆಯ ಮಂಚವೊಂದನ್ನು ಎಳೆತಂದು ಆ ಗೋಡೆಗೆ ತಾಗಿಸಿ ಹಾಕಿ, ಮೇಲೆ ಬಿಳಿ ಚಾದರ ಹಾಸಿದ. ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ ಅದನ್ನು ನನ್ನ ಅಂಗಡಿಗೇ ತಂದು ತೋರಿಸಿದ. ಗೋಡೆ ಕೆನೆಗಟ್ಟಿದ ಹಾಲಿನಂತೆ ನುಣ್ಣಗೆ ಕಾಣುತ್ತಿತ್ತು. ಅದರ ಹಿಂದಿನ ಕತೆ ಗೊತ್ತಿಲ್ಲದ ನಾನು ಶಭಾಶ್ ಎಂದೆ. ಅವನು ನಗಲಿಲ್ಲ. ಉಳಿದದ್ದನ್ನೆಲ್ಲ ನನಗೆ ಹೇಳಿದ್ದು ಎಲ್ಲ ಮುಗಿದುಹೋದ ಮೇಲೆ.

ಆ ಊರಿನ ಸರಕಾರಿ ದವಾಖಾನೆಗೆ ಆಗಷ್ಟೇ ವರ್ಗವಾಗಿ ಬಂದ ನರ್ಸು ಸಾರಿಕಾ. ನಿಪ್ಪಾಣಿ ತಾಲೂಕಿನ ಅಕ್ಕೋಳದವಳು, ದಲಿತರಿಂದ ಬೌದ್ಧರಾದವರ ಮನೆಯ ಹುಡುಗಿ. ಜೊತೆಗೆ ತಾಯಿ ಅಕ್ಕುತಾಯಿ, ಸೊಂಟ ಮುರಿದು ಮಂಚ ಬಿಟ್ಟು ಏಳದವಳು. ಸಾರಿಕಾ ಮನೆ ಹುಡುಕಿ ಸಾಕಾಗಿದ್ದಳು. ಮೊದಲು ಹೂಂ ಅಂದವರು ಅಡ್ಡಹೆಸರು ಕೇಳಿದ ಮೇಲೆ, ನಮ್ಮ ಅಳಿಯ ಬರ್ತಾನ್ರಿ, ಮನಿ ಬೇಕಾಗ್ತೈತ್ರಿ ಅನ್ನುತ್ತಿದ್ದರು. ನಮ್ಮ ಕಡೆಯ ಮಂದಿಗೆ ಇಂಥ ಅಳಿಯಂದಿರು ಬಹಳ. ಸಿದರಾಯ ಏನೂ ಕೇಳಲಿಲ್ಲ. ಇಂಥ ಗೋಡೆ ಇಟ್ಟುಕೊಂಡವನು ಯಾವ ಬಾಯಿಂದ ಕೇಳಿಯಾನು? ಫೋಟೋ ನೋಡಿದ ಸಾರಿಕಾ ಅವತ್ತೇ ಒಪ್ಪಿಕೊಂಡಳು. ಸಾಮಾನು ತಂದಾಗ ಗೋಡೆಯ ಮೇಲೆ ಬಣ್ಣವಿತ್ತು, ಕಿಟಕಿ ಮುಚ್ಚಿತ್ತು.

ಫೋಟೋದ ಮೂಲೆಯಲ್ಲಿ ಸ್ಟುಡಿಯೋದ ನಂಬರಿತ್ತು. ಮಳೆ ಹಿಡಿದ ಹೊಸದರಲ್ಲಿ ಸಾರಿಕಾ ಅದಕ್ಕೇ ಫೋನು ಮಾಡಿದಳು. ಆಯಿಗೆ, ಎಂದರೆ ಅವಳ ತಾಯಿಗೆ, ಹೊಸ ಮನೆಯಲ್ಲಿ ಒಂದು ಫೋಟೋ ತೆಗೆಸಿಕೊಂಡು ಅಕ್ಕೋಳದ ಬಂಧುಬಳಗಕ್ಕೆ ಕಳಿಸುವ ಆಸೆಯಂತೆ. ಭೂಪಾಲ ಹೋದ. ಬಾಗಿಲಲ್ಲೇ ನಿಂತು ನೋಡಿದ. ಮಂಚ ಅವನು ಹಾಕಿದ್ದ ಜಾಗದಲ್ಲೇ ಇತ್ತು. ಮಂಚದ ಮೇಲೆ ಗೋಡೆಗೆ ಒರಗಿ ಅಕ್ಕುತಾಯಿ ಕೂತಿದ್ದಳು.

"ಬಾ ಬಾಳಾ," ಎಂದಳು ಮುದುಕಿ, ಮಗನನ್ನು ಕರೆದ ಹಾಗೆ. "ನೀನ ಏನ ಈ ಮನಿ ಫೋಟೋ ತಗದಾಂವ? ತಂಬಾಕದ ವಖಾರ್ಯಾಗ ದುಡಕೋತ ನನ್ನ ಜನ್ಮೆಲ್ಲಾ ಕತ್ತಲದಾಗ ಹೋತು ನೋಡು. ಇಲ್ಲಿ ಬಂದ ಮ್ಯಾಲ ಬೆಳಕ ಕಂಡೆ."

ಮುದುಕಿಯ ಅಂಗೈ ಗೋಡೆಯ ಮೇಲಿತ್ತು. ಅದರ ಪಕ್ಕ ಬಣ್ಣ ಗುಳ್ಳೆಯೆದ್ದದ್ದು ಭೂಪಾಲನಿಗೆ ಕಂಡಿತು.

"ಆಯಿ, ಮಂಚಾ ಸ್ವಲ್ಪ ಈ ಕಡೆ ತಗೊಂಡ್ರ..." ಎಂದು ಶುರುಮಾಡಿದ.

"ಯಾಕೋ?"

"ಗ್ವಾಡಿ ತಂಪ ಇರತೈತ್ರಿ."

ಸಾರಿಕಾ ನಕ್ಕು ಮೊಬೈಲು ತೆಗೆದು ಅವನದೇ ಫೋಟೋ ತೋರಿಸಿದಳು. "ಕಾಕಾ, ಇದನ್ನ ನೋಡೇ ನಾವು ಮಂಚಾ ಇಲ್ಲಿ ಇಟ್ಟೇವ್ರಿ. ಆಯಿಗೆ ಇದ ಜಾಗಾ ಬೇಕಂತ. ನೋಡ್ರಿ, ಎಷ್ಟ ಚಂದ ಕಾಣತೈತಿ."

ಭೂಪಾಲ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೋಡೆ ಬೀಳುತ್ತದೆ ಎಂದರೆ ಇವರು ಮನೆ ಬಿಡಬೇಕು. ಬಿಟ್ಟರೆ ಈ ಮಳೆಯಲ್ಲಿ, ಸೊಂಟ ಮುರಿದ ಮುದುಕಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಇವರಿಗೆ ಇನ್ಯಾರು ಮನೆ ಕೊಡುತ್ತಾರೆ? ಹೀಗೆಲ್ಲ ಯೋಚಿಸಿದೆ ಎಂದು ಆಮೇಲೆ ನನಗೆ ಹೇಳಿದ. ಸುಳ್ಳು ಹೇಳಿದ ಎನ್ನಲಾರೆ. ಆದರೆ ಜ್ಞಾನದೇವ ಮುನಿಸಿಕೊಂಡರೆ ತನ್ನ ಒಲೆ ಉರಿಯುವುದಿಲ್ಲ ಎಂಬ ಯೋಚನೆಯೂ ಅದರ ಪಕ್ಕದಲ್ಲೇ ಕೂತಿತ್ತು. ಕೊಟ್ಟ ಚಹಾ ಕುಡಿದ. ಮುದುಕಿಯ ಫೋಟೋ ತೆಗೆದ. ತೆಗೆಯುವಾಗ ಮತ್ತೆ ಪೂರ್ವದ ಕಿಟಕಿ ಮುಚ್ಚಿದ, ಗುಳ್ಳೆ ಕಾಣಬಾರದಲ್ಲ! ದಾರಿಯಲ್ಲಿ ಗಾಡಿ ನಿಲ್ಲಿಸಿ ಸಿದರಾಯನಿಗೆ ಫೋನು ಮಾಡಿ, ಗೋಡೆಗೆ ಒಂದು ಆಸರೆ ಕಂಬವನ್ನಾದರೂ ಕೊಡು ಎಂದ. ಬ್ಯಾಸಗಿ ಬರಲಿ ತಡೀರಿ ಎಂದ ಸಿದರಾಯ. ಬೇಸಿಗೆಯಂತೆ! ಮಳೆ ಧೋ ಎಂದು ಸುರಿಯುತ್ತಿತ್ತು.

ಆ ಸಲ ಹೊಳೆ ಊರೊಳಗೆ ಬರಲಿಲ್ಲ. ಓಣಿಯ ತುದಿಗೆ ಬಂದು ನಿಂತು, ಹಾಗೇ ಹಿಂದೆ ಸರಿಯಿತು. ಜನ ಬದುಕಿದೆವು ಎಂದುಕೊಂಡರು. ಆದರೆ ನೆಲದೊಳಗಿನ ತೇವ ಗೋಡೆಗೆ ಏರುತ್ತಲೇ ಇತ್ತು. ಮಣ್ಣಿನ ಗೋಡೆ ನೆನೆದಾಗಲೂ ಬೀಳುತ್ತದೆ, ನೆನೆದು ಬಿಸಿಲು ಬಿದ್ದಾಗಲೂ ಬೀಳುತ್ತದೆ. ಮೋಡ ಹರಿದು ಬಿಸಿಲು ಬಿದ್ದ ಒಂದು ಮುಂಜಾನೆ, ತಾಯಿಗೆ ಗಂಜಿ ಕುಡಿಸಿ ಸಾರಿಕಾ ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ, ಗೋಡೆ ಒಳಮುಖವಾಗಿ ಮಂಚದ ಮೇಲೆ ಕುಸಿಯಿತು. ಓಣಿಯವರು ಕೈಯಿಂದಲೇ ಮಣ್ಣು ಬಗೆದು ಅಕ್ಕುತಾಯಿಯನ್ನು ಹೊರಗೆ ತೆಗೆದರು. ಹೊತ್ತುಕೊಂಡು ದವಾಖಾನೆಗೆ ಓಡಿದರು. ಅಲ್ಲಿ ಬಾಗಿಲಲ್ಲಿ ಎದುರಾದವಳು ಮಗಳೇ. ಅವ್ವನ ಕೈ ಹಿಡಿದು ನಾಡಿ ನೋಡಿದವಳೂ ಅವಳೇ.

ಅಕ್ಕುತಾಯಿಯನ್ನು ಮಣ್ಣು ಮಾಡಿದ ಮರುದಿನ ಜ್ಞಾನದೇವನ ಫೋನು ಬಂತು. ಸಿದರಾಯ ಪರಿಹಾರಕ್ಕೆ ಅರ್ಜಿ ಹಾಕುವವನಿದ್ದ, ಬಿದ್ದ ಮನೆಯ ಫೋಟೋ ಬೇಕಿತ್ತು. ಮಂದಿಗೆ ನಾಚಿಕೆ ಎಂಬುದೇ ಇಲ್ಲ. ಭೂಪಾಲ ಗಾಡಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟ, ನಾನೇ ಹಿಂದೆ ಕೂರಿಸಿಕೊಂಡು ಹೋದೆ. ಇಷ್ಟು ಹೊತ್ತು ಬರೆದದ್ದನ್ನೆಲ್ಲ ಅವನು ನನ್ನ ಬೆನ್ನಿಗೆ ಹೇಳಿದ್ದು ಆ ದಾರಿಯಲ್ಲೇ. ನಾನು ಗಾಡಿ ನಿಲ್ಲಿಸಿ ಅವನನ್ನು ಬಾಯಿಗೆ ಬಂದಂತೆ ಬೈದೆ. ಅವನು ಬೈಸಿಕೊಂಡ.

ಬಿದ್ದ ಮನೆಯ ವರದಿ ಬರೆಯಲು ತಲಾಠಿ, ಎಂದರೆ ಊರಿನ ಕಂದಾಯದ ಲೆಕ್ಕಿಗ, ಬಂದಿದ್ದ. ಸಿದರಾಯ ತನ್ನ ಮೊಬೈಲಿನಲ್ಲಿ ಅದೇ ಗುಲಾಬಿ ಗೋಡೆಯ ಫೋಟೋ ತೋರಿಸುತ್ತ, "ನೋಡ್ರಿ ಸಾಹೇಬ್ರ, ಹೆಂತಾ ಗಟ್ಟಿ ಗ್ವಾಡಿ ಇತ್ತು. ಮಳಿಗೆ ಯಾರೇನ ಮಾಡಾಕ ಆಕ್ಕೈತ್ರಿ?" ಎನ್ನುತ್ತಿದ್ದ. ಇಟ್ಟಿಗೆ, ಮಣ್ಣಿನ ರಾಶಿಯ ಆಚೆ ಸಾರಿಕಾ ಮನೆಯ ಸಾಮಾನು ಹೆಕ್ಕುತ್ತಿದ್ದಳು. ಬುದ್ಧನ ಪಟದ ಧೂಳು ಒರೆಸಿ ಒಂದು ಕಡೆ ಇಟ್ಟಿದ್ದಳು.

ಆಗ ಭೂಪಾಲ ಬಾಯಿ ತೆರೆದ. ಇಷ್ಟು ವರ್ಷದಲ್ಲಿ ಅವನು ಮಂದಿಯ ನಡುವೆ ದನಿ ಎತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಸಾಹೇಬ್ರ, ಆ ಫೋಟೋ ನಂಬಬ್ಯಾಡ್ರಿ. ಗ್ವಾಡಿ ಆವಾಗ್ಲೇ ಉಬ್ಬಿತ್ರಿ. ನಾನ ಕಿಡಕಿ ಮುಚ್ಚಿ, ಕಾಣದಂಗ ತಗದೇನ್ರಿ."

ತಲಾಠಿ ಬೆವರು ಒರೆಸಿಕೊಂಡ. "ಅದನ್ನೆಲ್ಲಾ ನಾ ಎಲ್ಲಿ ಬರೀಲಿ ಮಾರಾಯಾ? ಮಳಿಯಿಂದ ಬಿದ್ದೈತಿ, ಮಳೀಂತ ಬರ್ದೇನಿ. ನಿನಗ ಹೇಳೂದಿದ್ರ ಪೊಲೀಸರ ಕಡೆ ಹೋಗಿ ಹೇಳು." ಸಿದರಾಯ ಭೂಪಾಲನನ್ನು ಸುಡುವ ಹಾಗೆ ನೋಡಿದ.

ಸಾರಿಕಾ ಎದ್ದು ನಿಂತಿದ್ದಳು. ಅಳುತ್ತಿರಲಿಲ್ಲ. ರಾಶಿಯನ್ನು ಸುತ್ತಿಕೊಂಡು ಭೂಪಾಲನ ಎದುರು ಬಂದಳು.

"ಕಾಕಾ, ಆಯಿ ಫೋಟೋ ತಗ್ಯಾಕ ಬಂದಾಗ ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವಾ."

"ಮತ್ತ ಯಾಕ ಹೇಳ್ಲಿಲ್ರಿ?"

ಭೂಪಾಲ ನೆಲ ನೋಡಿದ. "ಹೇಳಿದ್ರ ನೀವು ಮನಿ ಬಿಡಬೇಕಾಗ್ತಿತ್ತು. ನಿಮಗ ಮತ್ತ ಯಾರ ಮನಿ ಕೊಡ್ತಾರ, ಈ ಮಳ್ಯಾಗ ಆಯಿನ್ನ ಕರಕೊಂಡು ಎಲ್ಲಿ ಅಲೀತೀರಿ ಅಂತ..."

ಸಾರಿಕಾ ಅವನ ಮುಖವನ್ನೇ ನೋಡಿದಳು.

"ಮನಿ ಯಾಕ ಬಿಡ್ತಿದ್ದೆ ಕಾಕಾ?" ಎಂದಳು. "ಮಂಚಾ ಸರಸ್ತಿದ್ದೆ."

ತಿರುಗಿ ಹೋಗಿ, ಮಣ್ಣಿನಡಿ ಸಿಕ್ಕಿಕೊಂಡಿದ್ದ ತಾಯಿಯ ಸೀರೆಯನ್ನು ಎಳೆಯತೊಡಗಿದಳು. ಅದು ಬರಲಿಲ್ಲ. ಭೂಪಾಲ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಅವಳ ಹತ್ತಿರ ಹೋಗಿ, ಇಟ್ಟಿಗೆ ಎತ್ತಲು ಬಗ್ಗಿದ. ಸಾರಿಕಾ ಬೇಡ ಎಂದಳು.